ಬೇರಿಂಗ್, ಬುಷ್, ಶಾಫ್ಟ್ ಮತ್ತೆ ಮತ್ತೆ ಸವೆಯುತ್ತಿದೆಯಾ? ಕಾರಣ ಹಿಡಿದು ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಯಂತ್ರದ ತಿರುಗುವ ದಂಡವೇ ಶಾಫ್ಟ್. ಅದನ್ನು ಹೊತ್ತುಕೊಳ್ಳುವುದು ಗುಂಡು ಅಥವಾ ಉರುಳೆಗಳಿರುವ ಬೇರಿಂಗ್, ಇಲ್ಲವೇ ಲೋಹದ ಕೊಳವೆಯಂಥ ಬುಷ್. ಹಳೆಯ ಬೇರಿಂಗ್ ತೆಗೆದು ಹೊಸದು ಹಾಕುತ್ತಾರೆ. ಸ್ವಲ್ಪ ದಿನ ಎಲ್ಲ ಸರಿ ಇರುತ್ತದೆ, ಆಮೇಲೆ ಮತ್ತೆ ಅದೇ ಸದ್ದು. ಎರಡನೇ ಸಲ ಇನ್ನೂ ದುಬಾರಿ ಬೇರಿಂಗ್ ಬರುತ್ತದೆ. ಮೂರನೇ ಸಲ, ‘ಲೋಹವೇ ಮೆತ್ತಗಿದೆ, ಗಟ್ಟಿ ಮಾಡಿಸೋಣ’ ಅನ್ನುವ ಮಾತು ಬರುತ್ತದೆ. ಶಾಫ್ಟ್ ಗಟ್ಟಿಯಾಗುತ್ತದೆ, ಸವೆತ ಮಾತ್ರ ನಿಲ್ಲುವುದಿಲ್ಲ. ಈ ಸುತ್ತಿನಲ್ಲಿ ಸಿಕ್ಕಿಕೊಂಡವರಿಗಾಗಿ ಇದನ್ನು ಬರೆದಿದ್ದೇನೆ.

ಬಹುಪಾಲು ಮಂದಿಯ ಕೈಕೆಲಸ ಚೆನ್ನಾಗಿಯೇ ಇರುತ್ತದೆ. ಎಡವುವುದು ಕ್ರಮದಲ್ಲಿ. ಬಿಚ್ಚಿದ ಕೂಡಲೇ ತೊಳೆಯುತ್ತಾರೆ, ತೊಳೆದ ಮೇಲೆ ನೋಡುತ್ತಾರೆ. ಕಾರಣ ಹೇಳಬೇಕಾಗಿದ್ದ ಪುಡಿ, ಕಲೆ, ಬಣ್ಣ ಅಷ್ಟರಲ್ಲಿ ಸೀಮೆಎಣ್ಣೆಯ ಜೊತೆ ಹೋಗಿರುತ್ತದೆ. ಹಾಗಾಗಿ ಕೆಳಗಿನ ಹಂತಗಳನ್ನು ಹೇಳಿದ ಕ್ರಮದಲ್ಲೇ ಮಾಡಿ. ಒಂದನ್ನು ಹಾರಿಸಿ ಮುಂದಿನದಕ್ಕೆ ಹೋದರೆ ಹಿಂದಕ್ಕೆ ಬರಲು ಆಗುವುದಿಲ್ಲ.

## ಮೊದಲೇ ಜೋಡಿಸಿಕೊಳ್ಳಬೇಕಾದ ಸಾಮಾನು

ನೋಡಲು: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್, ಒಳ್ಳೆಯ ಟಾರ್ಚ್, ಬಿಳಿ ಕಾಗದ, ಫೋನ್ ಕ್ಯಾಮೆರಾ, ಅಳಿಸಿಹೋಗದ ಮಾರ್ಕರ್, ಮುಚ್ಚಳವಿರುವ ಸಣ್ಣ ಡಬ್ಬಿಗಳು. ಒಂದು ಶಕ್ತಿಯುತ ಅಯಸ್ಕಾಂತ ಬೇಕೇ ಬೇಕು. ಅದನ್ನು ತೆಳು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡಿ. ಇಲ್ಲದಿದ್ದರೆ ಅಂಟಿದ ಪುಡಿ ಬಿಡಿಸುವಷ್ಟರಲ್ಲಿ ಸಾಕಾಗಿಹೋಗುತ್ತದೆ.

ಅಳೆಯಲು: 0.01 ಮಿಮೀ ಓದುವ ಮೈಕ್ರೋಮೀಟರ್, ಒಳವ್ಯಾಸ ಅಳೆಯುವ ಬೋರ್ ಗೇಜ್, ಸಣ್ಣ ಏರಿಳಿತ ತೋರಿಸುವ ಡಯಲ್ ಗೇಜ್ (ಸ್ಟ್ಯಾಂಡ್ ಸಮೇತ), ಸಂದಿ ಅಳೆಯುವ ಫೀಲರ್ ಗೇಜ್. ವರ್ನಿಯರ್ ಸಾಲದು. ಬೇರಿಂಗ್ ಕೂರುವ ಜಾಗದಲ್ಲಿ ಬಿಗಿ ಮತ್ತು ಸಡಿಲದ ನಡುವಿನ ವ್ಯತ್ಯಾಸ ಒಂದೆರಡು ನೂರನೇ ಮಿಲಿಮೀಟರ್ ಅಷ್ಟೇ. ಅದು ವರ್ನಿಯರ್‌ನ ಕೈಗೆ ಸಿಗುವುದಿಲ್ಲ.

ಇವುಗಳ ಜೊತೆಗೆ ಬೇರಿಂಗ್ ಎಳೆದು ತೆಗೆಯುವ ಪುಲ್ಲರ್, ನುಣ್ಣನೆ ಹಲ್ಲಿನ ಹೊಸ ಅರ, ಉಷ್ಣತೆ ನೋಡುವ ಇನ್‌ಫ್ರಾರೆಡ್ ಗನ್.

ಒಂದು ಎಚ್ಚರಿಕೆ ಈಗಲೇ ಹೇಳಿಬಿಡುತ್ತೇನೆ. ಕರೆಂಟ್ ತೆಗೆದು, ಸ್ವಿಚ್‌ಗೆ ಬೀಗ ಹಾಕಿ, ಬೀಗದ ಕೈ ನಿಮ್ಮ ಜೇಬಿನಲ್ಲಿದ್ದಾಗ ಮಾತ್ರ ಯಂತ್ರದೊಳಗೆ ಕೈಯಿಡಿ. ತೊಳೆಯಲು ಪೆಟ್ರೋಲ್ ಬೇಡ. ಒಣಗಿಸುವಾಗ ಬೇರಿಂಗನ್ನು ಏರ್ ಗನ್‌ನಿಂದ ತಿರುಗಿಸಬೇಡಿ. ಎಣ್ಣೆಯಿಲ್ಲದೆ ಅತಿ ವೇಗದಲ್ಲಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ, ಸಿಡಿದು ಮೈಗೆ ಬಡಿಯಲೂಬಹುದು.

## ಹಂತ 1: ನಿಲ್ಲಿಸುವ ಮೊದಲು ಓಡುತ್ತಿರುವಾಗ ಗಮನಿಸಿ

ಯಂತ್ರ ಇನ್ನೂ ಓಡುವ ಸ್ಥಿತಿಯಲ್ಲಿದ್ದರೆ ಮೊದಲು ಉಷ್ಣತೆ ಬರೆದುಕೊಳ್ಳಿ. ಹೊಳೆಯುವ ಲೋಹದ ಮೇಲೆ ಇನ್‌ಫ್ರಾರೆಡ್ ಗನ್ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಮೊದಲೇ ಒಂದು ತುಂಡು ಕಪ್ಪು ಟೇಪ್ ಅಂಟಿಸಿಟ್ಟು, ಅದರ ಮೇಲೆ ಗುರಿಯಿಟ್ಟು ಅಳೆಯಿರಿ. ಎಷ್ಟೋ ಜನ ‘ಬಿಸಿಯೇ ಇಲ್ಲ’ ಅಂದುಕೊಳ್ಳುವುದು ಈ ಒಂದು ಕಾರಣಕ್ಕೆ.

ಆಮೇಲೆ ಸದ್ದು. ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಬೇರಿಂಗ್ ಮನೆಗೆ, ಅಂದರೆ ಬೇರಿಂಗ್ ಕೂತಿರುವ ಹೊರಕವಚಕ್ಕೆ ಒತ್ತಿ, ಹಿಡಿಯನ್ನು ಕಿವಿಯ ಪಕ್ಕದ ಮೂಳೆಗೆ ಹಿಡಿದು ಕೇಳಿ. ಸಡಿಲ ಬಟ್ಟೆ ತಿರುಗುವ ಭಾಗದ ಹತ್ತಿರ ಹೋಗದಿರಲಿ. ಸಮನಾದ ಕೀರಲು ಸದ್ದು ಬಂದರೆ ಎಣ್ಣೆಯ ಕೊರತೆ ಇರಬಹುದು. ತಾಳ ಹಾಕಿದಂತೆ ನಿಯಮಿತವಾಗಿ ಟಕ್ ಟಕ್ ಅಂದರೆ ಗುಂಡುಗಳು ಉರುಳುವ ಓಟದ ಹಾದಿಯಲ್ಲಿ ಚಕ್ಕೆ ಎದ್ದಿರಬಹುದು. ಕ್ರಮವಿಲ್ಲದ ಕರಕರ ಬಂದರೆ ಒಳಗೆ ಕೊಳೆ ಸೇರಿರಬಹುದು. ಇದು ಬರೀ ಸುಳಿವು, ತೀರ್ಮಾನ ಅಲ್ಲ. ಬರೆದಿಟ್ಟು ಮುಂದೆ ಹೋಗಿ.

ಲೋಡ್ ಎಷ್ಟಿತ್ತು, ಎಷ್ಟು ಗಂಟೆ ಓಡಿದೆ, ಇತ್ತೀಚೆಗೆ ಏನು ಬದಲಾಯಿಸಿದ್ದರು ಅನ್ನುವುದನ್ನೂ ಕೇಳಿ ತಿಳಿದುಕೊಳ್ಳಿ. ಬೆಲ್ಟ್ ಬಿಗಿ ಮಾಡಿದ್ದರಾ, ಬೇರೆ ಗ್ರೀಸ್ ಹಾಕಿದ್ದರಾ, ಮೋಟರಿಗೆ ವೇಗ ಬದಲಿಸುವ ಎಲೆಕ್ಟ್ರಾನಿಕ್ ಡ್ರೈವ್ ಜೋಡಿಸಿದ್ದರಾ? ಈ ಮೂರರಲ್ಲಿ ಒಂದಕ್ಕೆ ‘ಹೌದು’ ಅಂದರೂ ಅರ್ಧ ದಾರಿ ಸಿಕ್ಕಿತು.

## ಹಂತ 2: ಬಿಚ್ಚಿ, ಆದರೆ ತೊಳೆಯಬೇಡಿ

ಬಿಚ್ಚುವ ಮೊದಲು ಮಾರ್ಕರ್‌ನಿಂದ ಗುರುತು ಹಾಕಿ. ಹೊರ ಉಂಗುರ ಮನೆಯಲ್ಲಿ ಕೂತಿರುವ ಸ್ಥಿತಿಯಲ್ಲಿ ಮೇಲ್ಭಾಗ ಯಾವುದು, ಮೋಟರಿನ ಕಡೆ ಯಾವುದು ಅನ್ನುವುದು ಆಮೇಲೂ ಗೊತ್ತಾಗಬೇಕು. ಈ ಗುರುತಿಲ್ಲದಿದ್ದರೆ ಸವೆತ ಎಲ್ಲಿದೆ ಅನ್ನುವುದು ಕಾಣುತ್ತದೆ. ಭಾರ ಯಾವ ದಿಕ್ಕಿನಿಂದ ಬಿದ್ದಿತ್ತು ಅನ್ನುವುದು ಮಾತ್ರ ಗೊತ್ತಾಗುವುದೇ ಇಲ್ಲ.

ಸುತ್ತಿಗೆಯಿಂದ ಹೊಡೆದು ತೆಗೆಯಬೇಡಿ. ಪುಲ್ಲರ್ ಹಾಕಿ. ಹೊಡೆದರೆ ಹೊಸ ಕುಳಿಗಳು ಬೀಳುತ್ತವೆ, ಹಳೆಯವು ಯಾವುವು ಅಂತ ಬೇರ್ಪಡಿಸಲು ಆಗುವುದಿಲ್ಲ. ಶಾಫ್ಟ್ ಮೇಲೆ ಬಿಗಿಯಾಗಿ ಕೂತ ಬೇರಿಂಗಿಗೆ ಪುಲ್ಲರ್‌ನ ಹಿಡಿತ ಒಳ ಉಂಗುರದ ಮೇಲೆ ಬೀಳಲಿ.

ಹೊರಗೆ ಬಂದ ಪ್ರತಿ ಭಾಗದ ಫೋಟೋ ತೆಗೆಯಿರಿ. ಗ್ರೀಸನ್ನು ಬೆರಳಿಂದ ಒರೆಸದೆ ಪ್ಲಾಸ್ಟಿಕ್ ಕಡ್ಡಿಯಿಂದ ಎತ್ತಿ ಡಬ್ಬಿಗೆ ಹಾಕಿ, ಎಲ್ಲಿಂದ ತೆಗೆದದ್ದು ಅಂತ ಬರೆಯಿರಿ. ಸೀಲ್ ಪಕ್ಕದ ಗ್ರೀಸ್ ಒಂದು ಡಬ್ಬಿಗೆ, ಉರುಳೆಗಳ ನಡುವಿನದು ಇನ್ನೊಂದಕ್ಕೆ. ಎಣ್ಣೆಯಾದರೆ ತಳದಿಂದ ಒಂದು ಬಾಟಲಿ ತುಂಬಿಸಿ.

## ಹಂತ 3: ಪುಡಿಯನ್ನು ಓದಿ

ಗ್ರೀಸಿನ ಒಂದು ಚೂರನ್ನು ಬಿಳಿ ಕಾಗದದ ಮೇಲೆ ತೆಳ್ಳಗೆ ಹರಡಿ. ಟಾರ್ಚನ್ನು ಪಕ್ಕದಿಂದ ಹಿಡಿದು ಲೆನ್ಸಿನಲ್ಲಿ ನೋಡಿ. ಆಮೇಲೆ ಕಾಗದದ ಕೆಳಗೆ ಅಯಸ್ಕಾಂತ ಆಡಿಸಿ.

ಅಯಸ್ಕಾಂತದ ಹಿಂದೆ ಹೋಗುವುದು ಉಕ್ಕು ಅಥವಾ ಎರಕದ ಕಬ್ಬಿಣ. ಕದಲದೆ ಹೊಂಬಣ್ಣದಲ್ಲಿ ಮಿನುಗುವುದು ಕಂಚು ಅಥವಾ ಹಿತ್ತಾಳೆ, ಅಂದರೆ ಬುಷ್ ಅಥವಾ ಬೇರಿಂಗಿನಲ್ಲಿ ಗುಂಡುಗಳನ್ನು ಅಂತರದಲ್ಲಿ ಹಿಡಿದಿಡುವ ಪಂಜರ. ಕದಲದೆ ಗಾಜಿನ ಚೂರಿನಂತೆ ಹೊಳೆಯುವ ಕಣ ಕಂಡರೆ ಅದು ಮರಳು ಇರಬಹುದು. ಎರಡು ಗಾಜಿನ ಪಟ್ಟಿಗಳ ನಡುವೆ ಇಟ್ಟು ಉಜ್ಜಿ. ಗಾಜಿನ ಮೇಲೆ ಗೀರು ಬಿದ್ದರೆ ಗಡುಸು ಕಣ ಅಂತ ಖಾತ್ರಿ.

ಆಕಾರ ಇನ್ನೂ ಜಾಸ್ತಿ ಹೇಳುತ್ತದೆ. ಲೇತ್‌ನಿಂದ ಬಂದ ಸುರುಳಿಯಂಥದ್ದೇ, ಆದರೆ ಕಣ್ಣಿಗೆ ಕಾಣದಷ್ಟು ಸಣ್ಣ ಸುರುಳಿಗಳಿದ್ದರೆ, ಯಾವುದೋ ಗಡುಸು ತುದಿ ಲೋಹವನ್ನು ಕತ್ತರಿಸುತ್ತಿದೆ. ಚಪ್ಪಟೆ ಚಕ್ಕೆಗಳಿದ್ದರೆ ಮೈ ದಣಿದು ಎದ್ದು ಬರುತ್ತಿದೆ. ಕೆಂಪು ಮಿಶ್ರಿತ ಕಂದು ಪುಡಿ ತುಕ್ಕಿನದ್ದೂ ಆಗಿರಬಹುದು, ಬಿಗಿಯಾಗಿ ಕೂತ ಎರಡು ಉಕ್ಕಿನ ಮೈಗಳು ಸಣ್ಣಗೆ ಅದುರಿ ಬಂದದ್ದೂ ಆಗಿರಬಹುದು. ನೀರಿನ ಸುಳಿವೇ ಇಲ್ಲದ ಜಾಗದಲ್ಲಿ ಇದು ಕಂಡರೆ ಅದುರಾಟವೇ ಕಾರಣ. ಎಣ್ಣೆ ತುಂಬಿದ ಜಾಗದಲ್ಲಿ ಇದೇ ಪುಡಿ ಕಪ್ಪಾಗಿರುವುದೂ ಉಂಟು.

## ಹಂತ 4: ಸವೆದ ಮೈಯನ್ನು ಓದಿ

ಈಗ ತೊಳೆಯಿರಿ. ಮೃದುವಾದ ಬ್ರಷ್, ಶುದ್ಧ ಸೀಮೆಎಣ್ಣೆ ಸಾಕು. ಎಮರಿ ಕಾಗದ ಹತ್ತಿರ ಸುಳಿಯಬಾರದು. ಈ ಹಂತಕ್ಕೆ ಎಷ್ಟು ಹೊತ್ತು ಕೊಟ್ಟರೂ ನಷ್ಟವಿಲ್ಲ.

### ಗೀರುಗಳಿದ್ದರೆ

ಚಲನೆಯ ದಿಕ್ಕಿಗೆ ಸಮನಾಗಿ, ಅಂಚು ಸ್ಪಷ್ಟವಾಗಿರುವ ನೇರ ಗೀರುಗಳು ಗಡುಸು ಕಣಗಳ ಕೆಲಸ. ಇಲ್ಲಿ ಒಂದು ಅಂಕಿಅಂಶ ನೆನಪಿಡಿ. ರಾಕ್‌ವೆಲ್ ಸಿ, ವಿಕರ್ಸ್ ಎರಡೂ ಗಡಸುತನದ ಅಳತೆಗಳು. ಹದ ಮಾಡುವುದು ಅಂದರೆ ಕಾಯಿಸಿ ತಣಿಸಿ ಗಟ್ಟಿ ಮಾಡುವುದು. ರಾಕ್‌ವೆಲ್ ಸಿ 60ರಷ್ಟು ಹದ ಮಾಡಿದ ಉಕ್ಕಿನ ಗಡಸುತನ ವಿಕರ್ಸ್ ಮಾಪನದಲ್ಲಿ ಸುಮಾರು 700. ಮರಳಿನಲ್ಲಿರುವ ಸ್ಫಟಿಕದ್ದು 1000ಕ್ಕಿಂತ ಮೇಲೆ. ಅಂದರೆ ನೀವು ಎಷ್ಟೇ ಚೆನ್ನಾಗಿ ಹದ ಮಾಡಿಸಿದರೂ ಮರಳು ಅದನ್ನು ಗೀರುತ್ತದೆ. ಪರಿಹಾರ ಸೀಲ್ ಮತ್ತು ಫಿಲ್ಟರಿನಲ್ಲಿದೆ.

ಕಂಚಿನ ಬುಷ್ ಇದ್ದಲ್ಲಿ ಇನ್ನೊಂದು ಸಂಗತಿ ಎಲ್ಲರನ್ನೂ ಗೊಂದಲಕ್ಕೆ ತಳ್ಳುತ್ತದೆ. ಮೆತ್ತನೆಯ ಬುಷ್ ಬಹುತೇಕ ಹಾಗೇ ಇದ್ದು, ಗಟ್ಟಿಯಾದ ಶಾಫ್ಟ್ ಉಂಗುರ ಉಂಗುರವಾಗಿ ಕೊರೆದುಹೋಗಿರುತ್ತದೆ. ಬುಷ್‌ನ ಒಳಮೈಗೆ ಟಾರ್ಚ್ ಓರೆಯಾಗಿ ಬಿಟ್ಟು ಲೆನ್ಸಿನಲ್ಲಿ ನೋಡಿ. ಕಂಚಿನೊಳಗೆ ನಾಟಿಕೊಂಡ ಚುಕ್ಕೆಗಳು ಮಿನುಗುತ್ತವೆ. ಕಣ ಮೆತ್ತನೆಯ ಲೋಹದಲ್ಲಿ ಹೂತು, ತಲೆ ಮಾತ್ರ ಹೊರಗಿಟ್ಟು, ಎದುರಿನ ಶಾಫ್ಟನ್ನು ಪ್ರತಿ ಸುತ್ತಿನಲ್ಲೂ ಉಜ್ಜುತ್ತದೆ. ಈ ಬುಷನ್ನು ಉಳಿಸಿಕೊಂಡು ಶಾಫ್ಟ್ ಮಾತ್ರ ಹೊಸದು ಹಾಕಿದರೆ, ಹೊಸ ಶಾಫ್ಟಿಗೂ ಅದೇ ಗತಿ.

### ಹರಿದು ಅಂಟಿದ ಮೈ

ಲೋಹ ಕಿತ್ತುಬಂದು ಎದುರಿನ ಭಾಗಕ್ಕೆ ಮೆತ್ತಿಕೊಂಡಿದ್ದರೆ, ಮುಟ್ಟಿದಾಗ ಉಬ್ಬು ತಗ್ಗು ಸಿಕ್ಕರೆ, ಎರಡು ಮೈಗಳು ಎಣ್ಣೆಯ ಪದರವಿಲ್ಲದೆ ನೇರ ಸೇರಿವೆ. ನೋಡಲು ನಯವಾದ ಮೈಯೂ ಸಣ್ಣ ದಿಬ್ಬಗಳ ತುದಿಯಲ್ಲಷ್ಟೇ ತಾಗುತ್ತದೆ. ಇಡೀ ಭಾರ ಆ ಚುಕ್ಕೆಗಳ ಮೇಲೆ ಬಿದ್ದು, ಅಲ್ಲಿ ಲೋಹ ಲೋಹಕ್ಕೆ ಬೆಸೆದುಕೊಂಡು, ಮುಂದಿನ ಚಲನೆಯಲ್ಲಿ ಹರಿಯುತ್ತದೆ.

304ರಂಥ ಸ್ಟೇನ್‌ಲೆಸ್ ಉಕ್ಕನ್ನು ಅದೇ ಜಾತಿಯ ಉಕ್ಕಿನ ಮೇಲೆ ಉಜ್ಜಿದರೆ ಇದು ಬೇಗ ಆಗುತ್ತದೆ. ಸ್ಟೇನ್‌ಲೆಸ್ ನಟ್ಟು ಅರ್ಧಕ್ಕೆ ಬಂದು ಕಚ್ಚಿಕೊಂಡು ನಿಲ್ಲುವುದು ಇದೇ ಕಾರಣಕ್ಕೆ. ಅದನ್ನು ಕಾಯುವ ಆಕ್ಸೈಡ್ ಪೊರೆ ಒತ್ತಡದಲ್ಲಿ ಹರಿದಾಗ ಒಳಗಿನ ಲೋಹ ಬರಿಮೈಯಾಗಿ ತಾಗುತ್ತದೆ. ಹಾರ್ಡ್ ಕ್ರೋಮ್ ಮೇಲೆ ಹಾರ್ಡ್ ಕ್ರೋಮ್ ಉಜ್ಜುವುದೂ ಒಳ್ಳೆಯದಲ್ಲ. ಜೋಡಿಯಲ್ಲಿ ಒಂದು ಬೇರೆ ಲೋಹವಾಗಿರಲಿ.

### ಕುಳಿ ಮತ್ತು ಚಕ್ಕೆ

ಬೇರಿಂಗಿನ ಓಟದ ಹಾದಿಯಲ್ಲಿ ಲೋಹದ ಚಕ್ಕೆ ಎದ್ದು ಹೋಗಿದ್ದರೆ ಎರಡು ಪ್ರಶ್ನೆ ಕೇಳಿ. ಒಂದು, ಎಷ್ಟು ಬೇಗ ಆಯಿತು? ಗುಂಡಿನ ಬೇರಿಂಗಿನಲ್ಲಿ ಭಾರ ಎರಡರಷ್ಟಾದರೆ ಲೆಕ್ಕದ ಆಯುಸ್ಸು ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಸುಮ್ನೆ ಬೆಲ್ಟ್ ಜಾಸ್ತಿ ಬಿಗಿ ಮಾಡಿದ್ದೇ ಸಾಕಾಗುತ್ತದೆ.

ಎರಡು, ಹಾದಿಯ ಗುರುತು ಎಲ್ಲಿದೆ? ಶಾಫ್ಟ್ ತಿರುಗುವ, ಭಾರ ಒಂದೇ ಕಡೆ ಬೀಳುವ ಯಂತ್ರದಲ್ಲಿ ಒಳ ಉಂಗುರಕ್ಕೆ ಪೂರ್ತಿ ಸುತ್ತು ಗುರುತಿರಬೇಕು. ಹೊರ ಉಂಗುರಕ್ಕೆ ಭಾರ ಬಿದ್ದ ಕಡೆ ಅರ್ಧ ಸುತ್ತಿಗಿಂತ ಕಡಿಮೆ ಇರಬೇಕು. ಹೊರ ಉಂಗುರದಲ್ಲಿ ಗುರುತು ಓರೆಯಾಗಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗಿದ್ದರೆ ಜೋಡಣೆ ನೇರ ಇಲ್ಲ. ಎದುರುಬದುರು ಎರಡು ಕಡೆ ಗುರುತಿದ್ದರೆ ಬೇರಿಂಗ್ ಮನೆ ಮೊಟ್ಟೆಯಾಕಾರಕ್ಕೆ ತಿರುಗಿ ಹಿಸುಕುತ್ತಿದೆ. ಎರಡೂ ಉಂಗುರಕ್ಕೆ ಪೂರ್ತಿ ಸುತ್ತು ಗುರುತಿದ್ದರೆ ಫಿಟ್ ಅತಿ ಬಿಗಿಯಾಗಿ ಒಳಗಿನ ಸಡಿಲ ಪೂರ್ತಿ ಹೋಗಿರಬಹುದು. ಹಂತ 2ರಲ್ಲಿ ಹಾಕಿದ ಮಾರ್ಕರ್ ಗುರುತು ಬೆಲೆ ಬಾಳುವುದು ಇಲ್ಲೇ.

### ಗುಂಡುಗಳ ಅಂತರಕ್ಕೆ ಸರಿಯಾಗಿ ಬಿದ್ದ ತಗ್ಗುಗಳು

ಇವು ಎರಡು ಬಗೆ, ನೋಡಲು ಒಂದೇ ಥರ. ಲೆನ್ಸಿನಲ್ಲಿ ತಗ್ಗಿನ ತಳ ನೋಡಿ. ಕಾರ್ಖಾನೆಯಲ್ಲಿ ಗ್ರೈಂಡ್ ಮಾಡಿದ ಸಣ್ಣ ಗೆರೆಗಳು ತಳದಲ್ಲಿ ಇನ್ನೂ ಕಂಡರೆ ಅದು ಹೊಡೆತದಿಂದ ಅಥವಾ ಅತಿಭಾರದಿಂದ ಬಿದ್ದದ್ದು. ಲೋಹ ತಗ್ಗಿದೆ, ಸವೆದಿಲ್ಲ. ಗೆರೆಗಳು ಅಳಿಸಿಹೋಗಿದ್ದರೆ ಯಂತ್ರ ನಿಂತಿದ್ದಾಗ ಪಕ್ಕದ ಯಂತ್ರದ ಅದುರಾಟ ಆ ಜಾಗವನ್ನು ಉಜ್ಜಿ ತೆಗೆದಿದೆ. ತಿಂಗಳುಗಟ್ಟಲೆ ಸ್ಟ್ಯಾಂಡ್‌ಬೈ ಆಗಿ ನಿಂತ ಪಂಪು ಮೊದಲ ದಿನವೇ ಗದ್ದಲ ಮಾಡಿದರೆ ಇದನ್ನೇ ಮೊದಲು ಹುಡುಕಿ. ಹೊಸ ಬೇರಿಂಗಿನ ಜೊತೆಗೆ, ಆಗಾಗ ಶಾಫ್ಟ್ ತಿರುಗಿಸಿಡುವ ಅಭ್ಯಾಸವೂ ಬೇಕು.

ತಗ್ಗುಗಳ ಬದಲು ಓಟದ ಹಾದಿಗೆ ಅಡ್ಡಲಾಗಿ ಒಗೆಯುವ ಕಲ್ಲಿನ ಗೀಟುಗಳ ಹಾಗೆ ಸಾಲು ಸಾಲು ಬೂದು ಪಟ್ಟಿಗಳಿದ್ದರೆ, ಬೇರಿಂಗಿನ ಮೂಲಕ ಕರೆಂಟ್ ಹರಿದಿದೆ. ಎಲೆಕ್ಟ್ರಾನಿಕ್ ಡ್ರೈವ್ ಹಾಕಿದ ಮೋಟರುಗಳಲ್ಲಿ ಇದು ಸಾಮಾನ್ಯ. ಗ್ರೀಸ್ ಬದಲಿಸಿ ಪ್ರಯೋಜನವಿಲ್ಲ. ಶಾಫ್ಟಿಗೆ ಅರ್ಥಿಂಗ್ ಬ್ರಷ್ ಅಥವಾ ಇನ್ಸುಲೇಶನ್ ಇರುವ ಬೇರಿಂಗ್ ಹಾಕಿಸಿ.

### ಬಣ್ಣ

ಉಕ್ಕಿನ ಮೈ ತಿಳಿ ಹುಲ್ಲಿನ ಬಣ್ಣಕ್ಕೆ ತಿರುಗಿದ್ದರೆ ಅಲ್ಲಿ ಉಷ್ಣತೆ ಸುಮಾರು 220 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ. ಕಂದು 250ರ ಆಸುಪಾಸು, ನೇರಳೆ 280, ನೀಲಿ 300ರ ಹತ್ತಿರ. ಬಹಳ ಹೊತ್ತು ಬಿಸಿಯಲ್ಲಿದ್ದರೆ ಇನ್ನೂ ಕಡಿಮೆಯಲ್ಲೇ ಈ ಬಣ್ಣ ಬರುತ್ತದೆ. ನೀಲಿಯಾದ ಬೇರಿಂಗ್ ಉಕ್ಕು ತನ್ನ ಗಡಸುತನ ಕಳೆದುಕೊಂಡಿದೆ. ತಣ್ಣಗಾದ ಮೇಲೆ ಚೆನ್ನಾಗಿ ತಿರುಗಿದರೂ ಮತ್ತೆ ಹಾಕಬೇಡಿ.

ಎಣ್ಣೆ ಸುಟ್ಟು ಕಟ್ಟಿದ ಪೊರೆಯೂ ಕಂದಾಗಿಯೇ ಕಾಣುತ್ತದೆ. ಮರದ ಕಡ್ಡಿಯಿಂದ ಕೆರೆಯಿರಿ. ಎದ್ದು ಬಂದರೆ ಎಣ್ಣೆಯ ಪೊರೆ. ಬರದಿದ್ದರೆ ಅದು ಲೋಹದ್ದೇ ಬಣ್ಣ.

## ಹಂತ 5: ಅಳತೆ ತೆಗೆಯಿರಿ

ಒಂದೇ ಜಾಗದಲ್ಲಿ ಅಳೆದು ಮುಗಿಸಬೇಡಿ. ಶಾಫ್ಟಿನ ಮೂರು ಜಾಗದಲ್ಲಿ, ಪ್ರತಿ ಜಾಗದಲ್ಲಿ ಒಂದಕ್ಕೊಂದು ಲಂಬವಾಗಿ ಎರಡು ಸಲ ಅಳೆಯಿರಿ. ಆರು ಅಂಕಿ ಬರುತ್ತವೆ. ಸವೆಯದ ಒಂದು ಜಾಗವನ್ನು ಹುಡುಕಿ ಅದನ್ನೂ ಅಳೆಯಿರಿ, ಅದೇ ನಿಮ್ಮ ಮೂಲ ಅಳತೆ. ಒಂದು ತುದಿಯಲ್ಲಿ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ ಸವೆದಿದ್ದರೆ ಓರೆ ಜೋಡಣೆ. ಒಂದೇ ಪಕ್ಕ ಸವೆದಿದ್ದರೆ ಆ ಪಕ್ಕ ಸದಾ ಭಾರದ ಕಡೆಗೇ ಇದೆ: ಶಾಫ್ಟ್ ಬಾಗಿರಬಹುದು ಅಥವಾ ತೂಕದಲ್ಲಿ ಸಮತೋಲ ಇಲ್ಲದಿರಬಹುದು. ಡಯಲ್ ಗೇಜ್ ಇಟ್ಟು ನಿಧಾನಕ್ಕೆ ತಿರುಗಿಸಿದರೆ ಬಾಗಿದ್ದು ಗೊತ್ತಾಗುತ್ತದೆ.

ಭಾಗ ಕೈಗೆ ಬಿಸಿ ತಾಗುವಾಗ ಅಳೆಯಬೇಡಿ. ಉಕ್ಕು ಪ್ರತಿ ಮೀಟರಿಗೆ, ಪ್ರತಿ ಡಿಗ್ರಿಗೆ ಸುಮಾರು 0.012 ಮಿಮೀ ಹಿಗ್ಗುತ್ತದೆ. 100 ಮಿಮೀ ಶಾಫ್ಟ್ 25 ಡಿಗ್ರಿ ಹೆಚ್ಚು ಬಿಸಿಯಿದ್ದರೆ 0.03 ಮಿಮೀ ದಪ್ಪ ತೋರಿಸುತ್ತದೆ. ಬೇರಿಂಗ್ ಫಿಟ್‌ನಲ್ಲಿ ಅದು ದೊಡ್ಡ ತಪ್ಪು.

ಬುಷ್ ಮತ್ತು ಶಾಫ್ಟ್ ನಡುವಿನ ಸಡಿಲಕ್ಕೆ ತಯಾರಕರ ಅಂಕಿ ಸಿಗದಿದ್ದರೆ, ವ್ಯಾಸದ ಸಾವಿರದಲ್ಲಿ ಒಂದು ಪಾಲಿನಿಂದ ಯೋಚನೆ ಶುರುಮಾಡಿ. 50 ಮಿಮೀ ಶಾಫ್ಟಿಗೆ 0.05 ಮಿಮೀ.

## ಹಂತ 6: ಲೋಹ ಯಾವುದು, ಹದ ಸರಿಯಿದೆಯಾ ನೋಡಿ

ಈ ಹಂತವನ್ನು ಆರನೆಯದಾಗಿ ಇಟ್ಟದ್ದು ಬೇಕಂತಲೇ. ಹೆಚ್ಚಿನವರು ಇಲ್ಲಿಂದಲೇ ಶುರುಮಾಡಿ ದಾರಿ ತಪ್ಪುತ್ತಾರೆ.

ಮೊದಲ ಪರೀಕ್ಷೆ ಅರದಿಂದ. ಬಳಕೆಗೆ ಬಾರದ ಒಂದು ಮೂಲೆಯಲ್ಲಿ ಹೊಸ ಅರವನ್ನು ಹಗುರಾಗಿ ಎಳೆಯಿರಿ. ಕಚ್ಚದೆ ಜಾರಿದರೆ ಮೈ ರಾಕ್‌ವೆಲ್ ಸಿ 60ರ ಆಸುಪಾಸಿನಲ್ಲಿದೆ. ಸುಲಭವಾಗಿ ಕಚ್ಚಿದರೆ ಹದ ಆಗಿಲ್ಲ ಅಥವಾ ಇಳಿದಿದೆ. ಬೇರಿಂಗಿಗೆ ಬಳಸುವ ಇಎನ್ 31 ಬಗೆಯ ಉಕ್ಕಿನಲ್ಲಿ ಸುಮಾರು 1% ಇಂಗಾಲ, 1.5% ಕ್ರೋಮಿಯಂ ಇರುತ್ತದೆ. ಅದನ್ನು ರಾಕ್‌ವೆಲ್ ಸಿ 58ರಿಂದ 65ರವರೆಗೆ ಹದ ಮಾಡಿರುತ್ತಾರೆ. ಇಂಡಕ್ಷನ್ ಹಾರ್ಡನಿಂಗ್ (ವಿದ್ಯುತ್ ಸುರುಳಿಯಿಂದ ಹೊರಮೈ ಕಾಯಿಸಿ ಗಟ್ಟಿ ಮಾಡುವುದು) ಮಾಡಿದ ಮಧ್ಯಮ ಇಂಗಾಲದ ಶಾಫ್ಟ್ 50ರಿಂದ 58ರ ನಡುವೆ ಇರುತ್ತದೆ. ಅದಕ್ಕೆ ಅರ ಸ್ವಲ್ಪ ಕಚ್ಚಿದರೆ ಗಾಬರಿಯಾಗಬೇಡಿ.

ಯಂತ್ರದಲ್ಲಿ ಗಡಸುತನ ಅಳೆಸುವುದಾದರೆ ಎರಡು ಮೋಸ ಗೊತ್ತಿರಲಿ. ದುಂಡನೆಯ ಮೈ ಮೇಲೆ ರಾಕ್‌ವೆಲ್ ಓದು ಕಡಿಮೆ ಬರುತ್ತದೆ, ತಿದ್ದುಪಡಿ ಸೇರಿಸಬೇಕು. ನೈಟ್ರೈಡಿಂಗ್ (ಉಕ್ಕಿನ ಮೈಗೆ ಸಾರಜನಕ ಸೇರಿಸಿ ಗಟ್ಟಿ ಮಾಡುವುದು) ಮಾಡಿದ ಪದರ ಒಂದು ಮಿಲಿಮೀಟರಿನ ಕೆಲವೇ ಹತ್ತನೇ ಪಾಲಿನಷ್ಟು ತೆಳ್ಳಗಿರುತ್ತದೆ. ರಾಕ್‌ವೆಲ್ ಸಿ ಪರೀಕ್ಷೆಯ 150 ಕೆಜಿ ಭಾರ ಆ ಪದರವನ್ನು ತಳ್ಳಿಕೊಂಡು ಒಳಗಿನ ಮೆತ್ತನೆ ಲೋಹಕ್ಕೆ ಹೋಗುತ್ತದೆ, ಅಂಕಿ ಸುಳ್ಳು ಹೇಳುತ್ತದೆ. ಅಲ್ಲಿ ಕಡಿಮೆ ಭಾರದ ವಿಕರ್ಸ್ ಪರೀಕ್ಷೆ ಕೇಳಿ.

ಹದ ಮಾಡಿದ ಮೇಲೆ ಗ್ರೈಂಡ್ ಮಾಡಿದ ಶಾಫ್ಟ್ ಆದರೆ ಗ್ರೈಂಡಿಂಗ್‌ನಲ್ಲಿ ಮೈ ಸುಟ್ಟಿದೆಯಾ ಅನ್ನುವುದನ್ನೂ ನೋಡಿಸಿ. ಕೂಲಂಟ್ ಸಾಲದೆ ಮೈ ಸುಟ್ಟರೆ ಹೊರಪದರ ಮೆತ್ತಗಾಗುತ್ತದೆ, ಇಲ್ಲವೇ ಕೂದಲೆಳೆಯ ಬಿರುಕು ಬೀಳುತ್ತದೆ. ಬಿರುಕು ಡೈ ಪೆನೆಟ್ರಂಟ್ ಪರೀಕ್ಷೆಯಲ್ಲಿ (ಬಿರುಕಿಗೆ ಇಳಿಯುವ ಬಣ್ಣ ಹಚ್ಚಿ ನೋಡುವುದು) ಕೆಂಪು ಗೆರೆಯಾಗಿ ಎದ್ದು ಕಾಣುತ್ತದೆ.

## ಹಂತ 7: ಪರಿಹಾರವನ್ನು ಈ ಕ್ರಮದಲ್ಲಿ ಆರಿಸಿ

ಕೊಳೆ, ಎಣ್ಣೆ, ಜೋಡಣೆ, ಕಡೆಗೆ ಲೋಹ. ಏಕೆ ಈ ಕ್ರಮ? ಸವೆತದ ಸರಳ ಲೆಕ್ಕದಲ್ಲಿ ಸವೆದ ಲೋಹದ ಪ್ರಮಾಣ ಭಾರಕ್ಕೂ ಉಜ್ಜಿದ ದೂರಕ್ಕೂ ತಕ್ಕಂತೆ ಏರುತ್ತದೆ, ಗಡಸುತನಕ್ಕೆ ತಕ್ಕಂತೆ ಇಳಿಯುತ್ತದೆ. ಜೊತೆಗೆ ಒಂದು ಗುಣಾಂಕ ಇರುತ್ತದೆ. ಗಡಸುತನ ಎರಡರಷ್ಟು ಮಾಡಿದರೆ ಲೆಕ್ಕದಲ್ಲಿ ಸವೆತ ಅರ್ಧವಾಗುತ್ತದೆ. ಅದೇ ಒಣಗಿದ ಮೈಗೆ ಒಳ್ಳೆಯ ಎಣ್ಣೆ ಸಿಕ್ಕರೆ ಆ ಗುಣಾಂಕವೇ ಸಾವಿರ ಪಟ್ಟು ಇಳಿಯಬಲ್ಲದು. ಹಣ ಎಲ್ಲಿ ಹಾಕಬೇಕು ಅಂತ ಇದರಲ್ಲೇ ಗೊತ್ತಾಗುತ್ತದೆ, ಅಲ್ವಾ?

ಕೊಳೆಗೆ: ಸೀಲ್, ಬ್ರೀದರ್ (ಗಾಳಿಯಾಡುವ ಕಿಂಡಿ), ಫಿಲ್ಟರ್ ನೋಡಿ. ಗ್ರೀಸ್ ಡಬ್ಬಿಯ ಮುಚ್ಚಳ ತೆರೆದೇ ಬಿದ್ದಿರುತ್ತದೆಯಾ ಅನ್ನುವುದನ್ನೂ ನೋಡಿ. ಸೀಲಿನ ತುಟಿ ಕೂರುವ ಜಾಗದಲ್ಲಿ ಶಾಫ್ಟಿಗೆ ಕಾಲುವೆ ಬಿದ್ದಿದ್ದರೆ ಹೊಸ ಸೀಲ್ ಹಾಕಿಯೂ ಉಪಯೋಗವಿಲ್ಲ. ಅಲ್ಲಿಗೆ ತೆಳು ಸ್ಲೀವ್ (ಶಾಫ್ಟ್ ಮೇಲೆ ತೊಡಿಸುವ ಲೋಹದ ಕೊಳವೆ) ಹಾಕಿ, ಇಲ್ಲವೇ ಸೀಲನ್ನು ತುಸು ಪಕ್ಕಕ್ಕೆ ಕೂರಿಸಿ.

ಎಣ್ಣೆಗೆ: ಡಬ್ಬಿಯ ಮೇಲಿನ ವಿಜಿ 68 ಅನ್ನುವ ಅಂಕಿ 40 ಡಿಗ್ರಿಯಲ್ಲಿ ಅದು ಎಷ್ಟು ದಪ್ಪ ಅನ್ನುವುದನ್ನು ಹೇಳುತ್ತದೆ. ಸಾಮಾನ್ಯ ಖನಿಜ ಎಣ್ಣೆಯಾದರೆ 100 ಡಿಗ್ರಿಗೆ ಅದೇ ಅಂಕಿ 8–9ಕ್ಕೆ ಇಳಿಯುತ್ತದೆ. ಹಾಗಾಗಿ ಓಡುವಾಗ ಇರುವ ಉಷ್ಣತೆಗೆ ಎಣ್ಣೆ ಆರಿಸಿ. ಹಂತ 1ರಲ್ಲಿ ಬರೆದಿಟ್ಟ ಅಂಕಿ ಈಗ ಬೇಕು. ನಿಧಾನಕ್ಕೆ ತಿರುಗುವ, ಭಾರ ಜಾಸ್ತಿ ಇರುವ ಕಡೆ ದಪ್ಪ ಎಣ್ಣೆ. ವೇಗ ಜಾಸ್ತಿ ಇರುವಲ್ಲಿ ತೆಳ್ಳನೆಯದು. ಕಂಚಿನ ವರ್ಮ್ ಗೇರಿಗೆ ಸಕ್ರಿಯ ಗಂಧಕ ಇರುವ ಇಪಿ (ಅತಿ ಒತ್ತಡ ತಾಳುವ) ಎಣ್ಣೆ ಹಾಕಬೇಡಿ. ಬಿಸಿಯಾದಾಗ ಗಂಧಕ ಕಂಚನ್ನು ಕಪ್ಪಾಗಿಸಿ ತಿನ್ನುತ್ತದೆ. ಲಿಥಿಯಂ ಗ್ರೀಸ್ ಇದ್ದ ಕಡೆ ಪಾಲಿಯೂರಿಯಾ ಗ್ರೀಸ್ ಬೆರೆಸಬೇಡಿ. ಎರಡೂ ಸೇರಿ ನೀರಾಗಿ ಸೋರಬಹುದು.

ಜೋಡಣೆಗೆ: ಮೋಟರಿನ ನಾಲ್ಕು ಕಾಲುಗಳೂ ಸಮ ಕೂತಿವೆಯಾ ಮೊದಲು ನೋಡಿ. ಬೋಲ್ಟ್ ಒಂದೊಂದಾಗಿ ಸಡಿಲಿಸಿದಾಗ ಡಯಲ್ ಗೇಜ್ 0.05 ಮಿಮೀಗಿಂತ ಜಾಸ್ತಿ ಏರಿದರೆ ಆ ಕಾಲಿನ ಕೆಳಗೆ ಶಿಮ್ (ತೆಳು ತಗಡು) ಬೇಕು. ಇದನ್ನು ಬಿಟ್ಟು ಎರಡು ಶಾಫ್ಟ್ ಸೇರಿಸುವ ಕಪ್ಲಿಂಗ್ ಎಷ್ಟು ಸಲ ನೇರ ಮಾಡಿದರೂ ಬೋಲ್ಟ್ ಬಿಗಿದ ಕೂಡಲೇ ಮತ್ತೆ ತಿರುಚಿಕೊಳ್ಳುತ್ತದೆ.

ಲೋಹಕ್ಕೆ: ಮೇಲಿನ ಮೂರೂ ಸರಿಯಿದ್ದು ಸವೆತ ನಿಲ್ಲದಿದ್ದರೆ ಮಾತ್ರ ಇಲ್ಲಿಗೆ ಬನ್ನಿ. ಸವೆತದ ಬಗೆ ನೋಡಿ ಲೋಹ ಆರಿಸಬೇಕು. ಉದಾಹರಣೆಗೆ ಸುಮಾರು 12% ಮ್ಯಾಂಗನೀಸ್ ಇರುವ ಉಕ್ಕನ್ನು ನೋಡಿ. ಹೊಸದಾಗಿದ್ದಾಗ ಅದು ಬ್ರಿನೆಲ್ ಅನ್ನುವ ಗಡಸುತನದ ಅಳತೆಯಲ್ಲಿ 200ರಷ್ಟು ಮೆತ್ತಗಿರುತ್ತದೆ. ಕಲ್ಲು ಪುಡಿ ಮಾಡುವ ಕ್ರಶರ್‌ನಲ್ಲಿ ಹೊಡೆತ ಬಿದ್ದಂತೆಲ್ಲ ಅದರ ಹೊರಮೈ 500ರ ಹತ್ತಿರ ಗಟ್ಟಿಯಾಗುತ್ತದೆ. ಅದೇ ಉಕ್ಕನ್ನು ಮರಳು ಸುಮ್ಮನೆ ಜಾರಿಹೋಗುವ ತೊಟ್ಟಿಗೆ ಹಾಕಿದರೆ ಹೊಡೆತವಿಲ್ಲದೆ ಗಟ್ಟಿಯಾಗುವುದೇ ಇಲ್ಲ, ಬೇಗ ಸವೆದುಹೋಗುತ್ತದೆ. ಘರ್ಷಣೆ ಕಡಿಮೆ ಇದ್ದರೆ ಸವೆತವೂ ಕಡಿಮೆ ಅನ್ನುವುದೂ ತಪ್ಪು. ಟೆಫ್ಲಾನ್ ತುಂಬ ಜಾರುತ್ತದೆ, ಆದರೆ ಬೇರೇನೂ ಬೆರೆಸದ ಟೆಫ್ಲಾನ್ ಬೇಗ ಸವೆಯುತ್ತದೆ.

ಸವೆದ ಶಾಫ್ಟಿಗೆ ವೆಲ್ಡಿಂಗ್ ತುಂಬಿಸಿ ಲೇತ್‌ನಲ್ಲಿ ಕಡೆಯಿಸುವುದು ಅಗ್ಗದ ದಾರಿಯಂತೆ ಕಾಣುತ್ತದೆ. ಇಎನ್ 19ರಂಥ ಉಕ್ಕಿಗೆ ಮೊದಲೇ ಕಾಯಿಸದೆ ವೆಲ್ಡ್ ಮಾಡಿದರೆ ವೆಲ್ಡಿನ ಪಕ್ಕದ ಪಟ್ಟಿ ಗಾಜಿನಷ್ಟು ಪೆಡಸಾಗುತ್ತದೆ. ಬಿರುಕು ಅಲ್ಲಿಂದಲೇ ಹುಟ್ಟಿ ಶಾಫ್ಟ್ ತುಂಡಾಗುತ್ತದೆ. ಸ್ಲೀವ್ ಹಾಕುವುದು ಅಥವಾ ಮೆಟಲ್ ಸ್ಪ್ರೇ ಮಾಡಿಸುವುದು ಎಷ್ಟೋ ವಾಸಿ.

## ಹಂತ 8: ಸರಿಯಾಗಿ ಕೂರಿಸಿ

ಹೊಸ ಬೇರಿಂಗಿನ ಕಾಗದ ಕೊನೆಯ ಗಳಿಗೆಯವರೆಗೆ ಬಿಚ್ಚಬೇಡಿ. ಬಿಸಿ ಮಾಡಿ ಕೂರಿಸುವುದಾದರೆ 110 ಡಿಗ್ರಿ ಸಾಕು, 120 ದಾಟಿಸಬೇಡಿ. ನೇರ ಬೆಂಕಿ ಬೇಡವೇ ಬೇಡ. ಒತ್ತಿ ಕೂರಿಸುವಾಗ ಬಿಗಿ ಫಿಟ್ ಇರುವ ಉಂಗುರವನ್ನೇ ಒತ್ತಿ. ಇನ್ನೊಂದನ್ನು ಒತ್ತಿದರೆ ಬಲ ಗುಂಡುಗಳ ಮೂಲಕ ಹೋಗಿ ಹಂತ 4ರಲ್ಲಿ ನೋಡಿದ ತಗ್ಗುಗಳು ಮೊದಲ ದಿನವೇ ಬೀಳುತ್ತವೆ.

ಬುಷ್ ಒತ್ತಿ ಕೂರಿಸಿದಾಗ ಅದರ ಒಳವ್ಯಾಸ ಕುಗ್ಗುತ್ತದೆ. ಒತ್ತುವ ಮೊದಲು ಸರಿಯಿದ್ದ ಸಡಿಲ ಒತ್ತಿದ ಮೇಲೆ ಇರುವುದಿಲ್ಲ. ಕೂರಿಸಿದ ನಂತರ ಬೋರ್ ಗೇಜ್ ಹಾಕಿ, ಬೇಕಿದ್ದರೆ ರೀಮರ್ (ರಂಧ್ರವನ್ನು ತುಸು ಅಗಲಿಸುವ ಸಾಧನ) ಆಡಿಸಿ. ಹೊಸ ಬುಷ್ ಮೊದಲ ಗಂಟೆಯಲ್ಲೇ ಕಚ್ಚಿಕೊಳ್ಳಲು ಇದೇ ಮುಖ್ಯ ಕಾರಣ.

ಗ್ರೀಸ್ ಜಾಸ್ತಿ ಹಾಕಿದಷ್ಟು ಒಳ್ಳೆಯದು ಅನ್ನುವ ನಂಬಿಕೆ ಬಿಡಿ. ಬೇರಿಂಗ್ ಮನೆಯ ಖಾಲಿ ಜಾಗದ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಸಾಕು. ಮೀರಿದರೆ ಗ್ರೀಸ್ ಒಳಗೇ ಕಡೆದುಕೊಂಡು ಬಿಸಿ ಏರುತ್ತದೆ. ಮುಂದೆ ಮರುಪೂರಣಕ್ಕೆ ಹೊರವ್ಯಾಸವನ್ನು ಅಗಲದಿಂದ ಗುಣಿಸಿ, ಮತ್ತೆ 0.005ರಿಂದ ಗುಣಿಸಿ. ಎರಡೂ ಮಿಮೀನಲ್ಲಿರಲಿ, ಉತ್ತರ ಗ್ರಾಂನಲ್ಲಿ ಬರುತ್ತದೆ. 6308 ಬೇರಿಂಗಿನ ಹೊರವ್ಯಾಸ 90, ಅಗಲ 23. ಸುಮಾರು 10 ಗ್ರಾಂ. ನಿಮ್ಮ ಗ್ರೀಸ್ ಗನ್ ಒಂದು ಒತ್ತಿಗೆ ಎಷ್ಟು ಗ್ರಾಂ ಬಿಡುತ್ತದೆ ಅಂತ ತಕ್ಕಡಿಯಲ್ಲಿ ತೂಗಿ ಗನ್ ಮೇಲೆ ಬರೆದಿಡಿ. ಗನ್ನಿನ ಬಾಯಿಗೆ ಬೆರಳು ಇಡಬೇಡಿ. ಆ ಒತ್ತಡಕ್ಕೆ ಗ್ರೀಸ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸಣ್ಣದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

## ಹಂತ 9: ಮೊದಲ ಓಟ, ಮತ್ತು ಕಣ್ಣಿಡಬೇಕಾದ ಲಕ್ಷಣಗಳು

ಮೊದಲು ಕೈಯಿಂದ ತಿರುಗಿಸಿ. ಆಮೇಲೆ ಭಾರವಿಲ್ಲದೆ ಓಡಿಸಿ, ನಂತರ ಹಂತ ಹಂತವಾಗಿ ಭಾರ ಕೊಡಿ. ಹೊಸ ಮೈಗಳ ತುದಿಗಳು ಒಂದಕ್ಕೊಂದು ಹೊಂದಿಕೊಳ್ಳಲು ಸಮಯ ಬೇಕು. ಹತ್ತು ನಿಮಿಷಕ್ಕೊಮ್ಮೆ ಉಷ್ಣತೆ ಬರೆಯಿರಿ. ಏರಿ, ಒಂದು ಮಟ್ಟಕ್ಕೆ ಬಂದು ನಿಂತರೆ ಸರಿ. ನಿಲ್ಲದೆ ಏರುತ್ತಲೇ ಹೋದರೆ ಯಂತ್ರ ನಿಲ್ಲಿಸಿ, ‘ಸರಿಹೋಗುತ್ತೆ ನೋಡೋಣ’ ಅನ್ನಬೇಡಿ. ಒಳ ಉಂಗುರ ಹಿಗ್ಗಿ ಸಡಿಲ ಕಡಿಮೆಯಾಗುತ್ತದೆ, ಸಡಿಲ ಕಡಿಮೆಯಾದರೆ ಬಿಸಿ ಇನ್ನೂ ಏರುತ್ತದೆ, ಕಡೆಗೆ ಕಚ್ಚಿಕೊಳ್ಳುತ್ತದೆ.

ಓಡುವ ಉಷ್ಣತೆ 70 ಡಿಗ್ರಿ ದಾಟಿದ ಮೇಲೆ ಪ್ರತಿ 15 ಡಿಗ್ರಿಗೆ ಗ್ರೀಸ್ ಹಾಕುವ ಅವಧಿಯನ್ನು ಅರ್ಧಕ್ಕೆ ಇಳಿಸಬೇಕು. 85 ಡಿಗ್ರಿಯಲ್ಲಿ ಓಡುವ ಬೇರಿಂಗಿಗೆ 70 ಡಿಗ್ರಿಯ ವೇಳಾಪಟ್ಟಿ ನಡೆಯುವುದಿಲ್ಲ.

ಗೇರ್ ಬಾಕ್ಸ್ ಆದರೆ ಮೊದಲ ಎಣ್ಣೆಯನ್ನು ಬೇಗ ಬದಲಿಸಿ, ಹೊಂದಿಕೊಳ್ಳುವಾಗ ಉದುರಿದ ಪುಡಿ ಅದರಲ್ಲಿರುತ್ತದೆ. ಆ ಎಣ್ಣೆಯ ಒಂದು ಬಾಟಲಿ ತಾರೀಕು ಬರೆದು ಎತ್ತಿಡಿ. ಮುಂದಿನ ಸಲ ತೆಗೆದದ್ದನ್ನು ಅದರ ಪಕ್ಕ ಇಟ್ಟು ಅಯಸ್ಕಾಂತ ಆಡಿಸಿ. ನುಣ್ಣನೆಯ ಬೂದು ಪುಡಿ ಸಲದಿಂದ ಸಲಕ್ಕೆ ಕಡಿಮೆಯಾಗುತ್ತಿದ್ದರೆ ಮೈಗಳು ಹೊಂದಿಕೊಂಡಿವೆ. ಬೆರಳಿಗೆ ಚುಚ್ಚುವಷ್ಟು ದೊಡ್ಡ ಚಕ್ಕೆ ಒಂದೇ ಒಂದು ಸಿಕ್ಕರೂ, ಸದ್ದು ಇನ್ನೂ ಬರದಿದ್ದರೂ, ಯಂತ್ರ ನಿಲ್ಲಿಸಿ ಮುಚ್ಚಳ ತೆಗೆದು ನೋಡಿ. ಸೀಲಿನ ಬಾಯಲ್ಲಿ ಕೆಂಪು ಪುಡಿ, ಗ್ರೀಸ್ ಹಾಲಿನ ಬಣ್ಣಕ್ಕೆ ತಿರುಗುವುದು, ನಿನ್ನೆಯವರೆಗೆ ಇದ್ದ ಉಷ್ಣತೆ ಕಾರಣವಿಲ್ಲದೆ ಹತ್ತು ಡಿಗ್ರಿ ಏರುವುದು: ಈ ಮೂರಕ್ಕೂ ಅದೇ ಮಾತು. ಕೆಂಪು ಪುಡಿಗೆ ಫಿಟ್ ಅಳೆಯಿರಿ, ಹಾಲಿನ ಬಣ್ಣಕ್ಕೆ ನೀರು ನುಗ್ಗುವ ದಾರಿ ಹುಡುಕಿ, ಏರಿದ ಉಷ್ಣತೆಗೆ ಗ್ರೀಸಿನ ಪ್ರಮಾಣ ಮತ್ತು ಬೆಲ್ಟಿನ ಬಿಗಿ ಮೊದಲು ನೋಡಿ.